ನಿಂಗಾಜಮ್ಮನ ಅಂಗಳದ ಮಳೆ

ಕಾರೇಕೊಪ್ಪಲಿನಲ್ಲಿ ಮಳೆ ಹೊಯ್ದರೆ ಮಡುಹಟ್ಟಿಯಲ್ಲಿ ದನಕರು ಕೊಚ್ಚಿಹೋಗುತ್ತಿದ್ದವು. ಕೇಳಿದವರಿಗೆ ಇದೆಂಥ ಮಾತು ಅನ್ನಿಸೀತು. ಎರಡೂ ಊರಿನ ನಡುವೆ ಹದಿನಾಲ್ಕು ಕಿಲೋಮೀಟರ್ ದೂರ. ಕಾರೇಕೊಪ್ಪಲು ಅರಕಲಗೂಡು ತಾಲ್ಲೂಕಿನ ದಿಬ್ಬದ ಮೇಲಿನ ಊರು. ಮಡುಹಟ್ಟಿ ಕೆಳಗೆ, ರುದ್ರಪಟ್ಟಣ ದಾಟಿ, ಕಾವೇರಿ ಹೊಳೆಯ ಅಂಚಿಗೆ ಇದೆ. ಮೇಲೂರಿನ ನೀರೆಲ್ಲ ಕಾರೇಹಳ್ಳಕ್ಕೆ ಇಳಿದು, ಎರಡು ಕೆರೆ ಹಾಯ್ದು, ಮಡುಹಟ್ಟಿಯ ಮಗ್ಗುಲಲ್ಲೇ ಹೊಳೆ ಸೇರುತ್ತದೆ. ಮೇಲೆ ರಾತ್ರಿಯೆಲ್ಲ ಸುರಿದ ಮಳೆ ಕೆಳಗಿನವರಿಗೆ ಗೊತ್ತೇ ಆಗುತ್ತಿರಲಿಲ್ಲ. ಅವರು ಬಿಸಿಲಿಗೆ ಬಟ್ಟೆ ಹರವಿಕೊಂಡು ಕೂತಿರುವಾಗ ಮಧ್ಯಾಹ್ನದ ಹೊತ್ತಿಗೆ ಹಳ್ಳ ಉಕ್ಕಿ ಬಂದು ಬಾಗಿಲು ತಟ್ಟುತ್ತಿತ್ತು.

ಈ ಕಾರೇಕೊಪ್ಪಲಿಗೆ ಮಡುಹಟ್ಟಿಯಿಂದ ಸೊಸೆಯಾಗಿ ಬಂದವಳು ಮುದ್ದಮ್ಮ. ಗಂಡ ಬೈರಯ್ಯನಿಗೆ ಒಂದೂವರೆ ಎಕರೆ ಆಲೂಗೆಡ್ಡೆ ಹೊಲ. ಮುದ್ದಮ್ಮ ಸಂಸಾರಕ್ಕೆ ಬಂದಾಗ ಓದು ಬರಹ ಬರುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಊರೂರಿಗೆ ಸಾಕ್ಷರತೆಯ ಪಾಠ ಬಂತಲ್ಲ, ಆಗ ಶಾಲೆಯ ಜಗಲಿಯಲ್ಲಿ ಲಾಟೀನು ಹಚ್ಚಿಕೊಂಡು ಕಲಿತಳು. ಕಲಿತದ್ದೆಂದರೆ ಅಂತಿಂಥ ಕಲಿಕೆಯಲ್ಲ. ಆರು ತಿಂಗಳಿಗೆ ಪೇಪರು ಓದಿದಳು, ಎಂಟು ತಿಂಗಳಿಗೆ ಪಕ್ಕದ ಮನೆಯ ನಿಂಗಾಜಮ್ಮನ ಕೈ ಹಿಡಿದು ಅಂಕಿ ತಿದ್ದಿಸಿದಳು. ನಿಂಗಾಜಮ್ಮನಿಗೆ ಎಂಟು ಬರೆಯಲು ಬರುತ್ತಿರಲಿಲ್ಲ. ಬರೆದಾಗಲೆಲ್ಲ ಬಾಲ ಎತ್ತಲೋ ಹೋಗುತ್ತಿತ್ತು. ಮುದ್ದಮ್ಮ ನಗುತ್ತಾ ನಗುತ್ತಾ ಹದಿನೈದು ದಿನ ಅದೊಂದನ್ನೇ ಬರೆಸಿದ್ದಳು.

ಅಂದಿನಿಂದ ಊರಿನ ಹೆಂಗಸರಿಗೆಲ್ಲ ಮುದ್ದಮ್ಮನೇ ಮೇಷ್ಟ್ರು. ಕಾಗದ ಬಂದರೆ ಓದುವವಳು ಅವಳು. ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವವಳು ಅವಳು. ಆಸ್ಪತ್ರೆ ಚೀಟಿ, ಬಸ್ಸಿನ ಬೋರ್ಡು, ಎಲ್ಲದಕ್ಕೂ "ಮುದ್ದಕ್ಕನ್ನ ಕೇಳ್ರಿ" ಅನ್ನುತ್ತಿದ್ದರು. ಅದು ಅವಳಿಗೆ ಊಟದಷ್ಟೇ ಅಭ್ಯಾಸವಾಗಿಬಿಟ್ಟಿತ್ತು.

ಹಾಗಿರುವಾಗ, ಎರಡು ಸಾವಿರದ ನಾಲ್ಕನೇ ಇಸವಿಯ ಬೇಸಿಗೆಯಲ್ಲಿ, ಹಾಸನದಿಂದ ಒಂದು ಜೀಪು ಬಂತು. ಅದರಿಂದ ಇಳಿದವರು ಶ್ರೀಗೌರಿ ಅನ್ನುವ ಎಂಜಿನಿಯರು. ಹೊಳೆಗೆ, ಹಳ್ಳಕ್ಕೆ ನೀರು ಯಾವಾಗ ಎಷ್ಟು ಬರುತ್ತದೆ ಎಂದು ಮುಂಚಿತವಾಗಿ ಲೆಕ್ಕ ಹಾಕಿ ತಿಳಿಸುವ ಕಚೇರಿಯವರು. ಸಂಘದ ಹೆಂಗಸರನ್ನು ಸೇರಿಸಿ ಹೇಳಿದರು:

"ನಿಮ್ಮೂರಿನಲ್ಲಿ ಒಂದು ಮಳೆ ಮಾಪಕ ಇಡಬೇಕು. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ನಮಗೆ ಫೋನ್ ಮಾಡಬೇಕು. ಫೋನ್ ನಾವೇ ಹಾಕಿಸಿಕೊಡ್ತೀವಿ. ಯಾರು ಮಾಡ್ತೀರಿ?"

ಮುದ್ದಮ್ಮ ಥಟ್ಟನೆ ಕೈ ಎತ್ತಿದಳು. ಬೇರೆ ಯಾರೂ ಎತ್ತಲಿಲ್ಲ. ಎತ್ತುವ ಅಗತ್ಯವೇ ಇರಲಿಲ್ಲ, ಅವಳಲ್ಲದೆ ಇನ್ಯಾರು?

ಶ್ರೀಗೌರಿ ಅವಳ ಮನೆಗೆ ಬಂದು ಅಂಗಳ ನೋಡಿದರು. ತಲೆ ಎತ್ತಿ ನೋಡಿದರು. ಒಂದು ದೊಡ್ಡ ಹಲಸಿನ ಮರ, ಮೂರು ತೆಂಗು, ಮುಂದಕ್ಕೆ ಚಾಚಿದ ಹೆಂಚಿನ ಸೂರು.

"ಇಲ್ಲಿ ಆಗಲ್ಲಮ್ಮ. ಮರದ ಎಲೆ ಮಳೆ ತಡೆಯುತ್ತೆ, ಆಮೇಲೆ ತೊಟ್ಟಿಕ್ಕುತ್ತೆ. ಅಳತೆ ತಪ್ಪುತ್ತೆ. ಸುತ್ತ ಬಯಲಿರೋ ಜಾಗ ಬೇಕು."

ಹಾಗೆಂದವರು ಪಕ್ಕಕ್ಕೆ ತಿರುಗಿದರು. ನಿಂಗಾಜಮ್ಮನ ಮನೆಯ ಮುಂದೆ ರಾಗಿ ಬಡಿಯುವ ಕಣ. ಒಂದು ಗಿಡವಿಲ್ಲ, ಅಡ್ಡವಿಲ್ಲ, ಆಕಾಶ ಪೂರ್ತಿ ಬೋರಲು ಬಿದ್ದಂತಿತ್ತು.

"ಇದು ಸರಿಯಾಗಿದೆ. ಇದು ಯಾರ ಮನೆ?"

ನಿಂಗಾಜಮ್ಮ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. "ನಂಗೆ ಬರಾಕಿಲ್ಲ ಕಣವ್ವ. ಮುದ್ದಕ್ಕಂಗೆ ಕೊಡಿ, ಅವ್ಳು ಸಂದಾಗಿ ಬರೀತಾಳೆ."

"ಅಂಕಿ ಬರೆಯೋಕೆ ಬರುತ್ತಲ್ಲ? ಅಷ್ಟು ಸಾಕು. ನಿಮ್ಮ ಮನೆ ಅಂಗಳ, ನೀವೇ ಅಳೆಯಿರಿ."

ಕಾರಣ ಹಲಸಿನ ಮರ. ಶ್ರೀಗೌರಿ ಅದನ್ನು ಬಾಯಿಬಿಟ್ಟು ಹೇಳಿದ್ದರು. ಆದರೆ ಮುದ್ದಮ್ಮನ ಕಿವಿಗೆ ಬಿದ್ದದ್ದು ಅದಲ್ಲ. 'ನೀನು ಬೇಡ, ಅವಳು' ಅನ್ನುವುದಷ್ಟೇ.

ಆ ವಾರವೇ ಕಣದ ನಡುವೆ ಸಿಮೆಂಟಿನ ಕಟ್ಟೆ ಎದ್ದಿತು. ಅದರ ಮೇಲೆ ಬಿಳಿ ಬಣ್ಣದ ಡಬ್ಬ, ಬಾಯಿಗೆ ಆಲಿಕೆ, ಒಳಗೆ ನೀರು ಸೇರುವ ಬಾಟಲಿ. ಸುತ್ತ ತಂತಿ ಬೇಲಿ, ಬೇಲಿಗೊಂದು ಪುಟ್ಟ ಗೇಟು. ನಿಂಗಾಜಮ್ಮನ ಗೋಡೆಯ ಗೂಡಿನಲ್ಲಿ ಕೆಂಪು ಫೋನು ಬಂದು ಕೂತಿತು. ಊರವರು ಅದನ್ನು ಮಳೆ ಡಬ್ಬ ಎಂದು ಕರೆದರು, ನಿಂಗಾಜಮ್ಮನನ್ನು ಮಳೆ ನಿಂಗಾಜಕ್ಕ ಎಂದರು.

ಮುಂಗಾರು ಶುರುವಾದದ್ದೇ ತಡ, ಬೆಳಿಗ್ಗೆ ಎಂಟೂವರೆಗೆ ಕಣದ ಸುತ್ತ ಜನ. ನಿಂಗಾಜಮ್ಮ ಗಾಜಿನ ಅಳತೆ ಲೋಟಕ್ಕೆ ನೀರು ಸುರಿದು, ಕಣ್ಣು ಕಿರಿದು ಮಾಡಿ, ಎಲ್ಲರಿಗೂ ಕೇಳುವಂತೆ ಓದುತ್ತಿದ್ದಳು. "ಅನ್ನೆಲ್ಡು ಪಾಯಿಂಟು ನಾಕು!" ಆ ಪಾಯಿಂಟು ಎಂದರೇನು ಎಂದು ಅವಳಿಗೆ ಕಲಿಸಿದ್ದು ಯಾರು? ಮುದ್ದಮ್ಮ ಅಡಿಗೆಮನೆಯ ಕಿಟಕಿಯಿಂದ ನೋಡುತ್ತಾ ರಾಗಿಹಿಟ್ಟಿಗೆ ಕೋಲು ಹಾಕಿ ಬೇಕಾದ್ದಕ್ಕಿಂತ ಜೋರಾಗಿ ತಿರುವುತ್ತಿದ್ದಳು.

ಅವಳಿಗೆ ಎಲ್ಲಕ್ಕಿಂತ ಉರಿದದ್ದು ಒಂದು ದಿನ ಗಂಡನೂ ಅಲ್ಲಿ ನಿಂತಿದ್ದಾಗ.

"ಎಷ್ಟಾಯ್ತು ನಿಂಗಾಜಕ್ಕ? ಗೆಡ್ಡೆಗೆ ಮಣ್ಣೇರಿಸ್ಬೋದಾ, ಇನ್ನೆಲ್ಡು ದಿನ ಬುಡ್ಲಾ?"

"ನೆಲ ವದ್ದೆ ಆಗದೆ ಬೈರಣ್ಣ. ಎಲ್ಡು ದಿನ ಬುಡು."

ಬೈರಯ್ಯ ಮನೆಗೆ ಬಂದು ಪಂಚೆ ಕೊಡವಿ ಕೂತ. ಮುದ್ದಮ್ಮ ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು.

"ಅಲ್ಲೇ ಉಣ್ಬೇಕಾಗಿತ್ತು. ಮಳೆ ಏಳೋಳು ಮುದ್ದೆನೂ ಇಕ್ತಾ ಇರ್ಲಿಲ್ವಾ?"

"ಇದ್ಯಾಕಮ್ಮಿ ಇಂಗಾಡ್ತೀಯ? ಕೇಳುದ್ರೆ ಏನಾಯ್ತದೆ?"

"ನನ್ನ ಕೇಳಿದ್ರೆ ನಾನು ಯೋಳ್ತಿರ್ಲಿಲ್ವಾ? ನೆಲ ಮುಟ್ಟಿ ನೋಡಿದ್ರೆ ಗೊತ್ತಾಗಕಿಲ್ವಾ? ಡಬ್ಬ ಬೇಕಾ ಅದ್ಕೆ?"

ಬೈರಯ್ಯ ಸುಮ್ಮನೆ ಉಂಡು ಎದ್ದುಹೋದ. ಅವನು ಉತ್ತರ ಕೊಟ್ಟಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅದೂ ಆಗಲಿಲ್ಲ.

ಜುಲೈ ತಿಂಗಳ ಒಂದು ಬೆಳಗ್ಗೆ. ಹಿಂದಿನ ದಿನ ನಾಲ್ಕು ಹನಿ ಉದುರಿ ನಿಂತಿತ್ತು. ಮುದ್ದಮ್ಮ ಬೆಳಕು ಹರಿಯುವ ಹೊತ್ತಿಗೆ ನಲ್ಲಿಗೆ ಹೋಗಿದ್ದಳು. ಬರುವಾಗ ಕಣದ ಪಕ್ಕ ಬಂದಳು. ನಿಂಗಾಜಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಪಾತ್ರೆಗೆ ಹಾಲು ಬೀಳುವ ಸದ್ದು ಕೇಳುತ್ತಿತ್ತು. ಬೀದಿಯಲ್ಲಿ ಯಾರೂ ಇರಲಿಲ್ಲ. ಮುದ್ದಮ್ಮ ಬೇಲಿಯ ಮೇಲಿಂದ ಕೈ ಚಾಚಿ, ಕೈಯಲ್ಲಿದ್ದ ಚೊಂಬಿನ ನೀರನ್ನು ಪೂರ್ತಿ ಆ ಆಲಿಕೆಗೆ ಹುಯ್ದು, ಬಿರಬಿರನೆ ಮನೆಗೆ ನಡೆದಳು. ತುಟಿಯಂಚಿನಲ್ಲಿ ನಗು. ಇವತ್ತು ಓದಲಿ, ಎಲ್ಲರ ಮುಂದೆ ಓದಲಿ.

ಎಂಟೂವರೆಗೆ ನಿಂಗಾಜಮ್ಮ ಅಳೆದಳು. ಲೋಟಕ್ಕೆ ಮತ್ತೆ ಮತ್ತೆ ಸುರಿದು ಕೂಡಿ, ಕೊನೆಯ ಲೋಟವನ್ನು ಬೆಳಕಿಗೆ ಹಿಡಿದಳು. ಎಪ್ಪತ್ತೆರಡು ಪಾಯಿಂಟು ನಾಲ್ಕು.

"ಏನಕ್ಕ ಇದು? ನೆಲನೇ ನೆಂದಿಲ್ವಲ್ಲ?" ಎಂದು ಅಲ್ಲಿದ್ದವರು ನಕ್ಕರು.

ನಿಂಗಾಜಮ್ಮನಿಗೂ ಗಲಿಬಿಲಿ. ಆದರೆ ಶ್ರೀಗೌರಿ ಅವಳಿಗೆ ಕಲಿಸಿದ್ದು ಒಂದೇ ಮಾತು: ಡಬ್ಬದಲ್ಲಿ ಇದ್ದದ್ದನ್ನು ಇದ್ದಹಾಗೆ ಹೇಳಬೇಕು, ನಿಮ್ಮ ಊಹೆ ಸೇರಿಸಬಾರದು. ಅವಳು ಹಾಗೆಯೇ ಫೋನು ಮಾಡಿದಳು.

ಹಾಸನದ ಕಚೇರಿಯಲ್ಲಿ ಆ ಅಂಕಿ ಲೆಕ್ಕಕ್ಕೆ ಸೇರಿತು. ಕೆರೆಗಳು ತುಂಬಿದ್ದ ಕಾಲ. ಮಡುಹಟ್ಟಿಗೆ 'ಹಳ್ಳ ಏರಬಹುದು, ಎಚ್ಚರ' ಎಂದು ಸುದ್ದಿ ಹೋಯಿತು. ಅಲ್ಲಿಯವರು ಪಂಪ್‌ಸೆಟ್ಟು ಬಿಚ್ಚಿ ಮೇಲೆ ಹೊತ್ತರು, ದನ ಹೊಡೆದುಕೊಂಡು ದಿಬ್ಬ ಹತ್ತಿದರು, ಸಂಜೆವರೆಗೆ ಕಾದರು. ಹಳ್ಳದಲ್ಲಿ ಮೊಣಕಾಲುದ್ದ ನೀರೂ ಬರಲಿಲ್ಲ. ಬೈದುಕೊಂಡು ಎಲ್ಲವನ್ನೂ ಮತ್ತೆ ಇಳಿಸಿದರು.

ಮರುದಿನ ಮುದ್ದಮ್ಮನ ಅಣ್ಣ ದೇವಯ್ಯ ಯಾವುದೋ ಕೆಲಸಕ್ಕೆ ಅರಕಲಗೂಡಿಗೆ ಬಂದವನು ತಂಗಿಯ ಮನೆಗೂ ಬಂದ.

"ನಿಮ್ಮೂರಲ್ಲಿ ಮಳೆ ಅಳೆಯೋಳು ಯಾವಳಮ್ಮಿ? ನಮ್ಮ ಸ್ವಂಟ ಮುರುದೋಯ್ತು. ಇನ್ನೊಂದ್ಸಲ ನೀರು ಬತ್ತದೆ ಅಂದ್ರೆ ಕೂತ ಜಾಗದಿಂದ ಏಳಾಕಿಲ್ಲ ನಾವು."

ಮುದ್ದಮ್ಮ ನಕ್ಕಳು. "ಎಂಟು ಬರೆಯಾಕೆ ಬರ್ದೋಳಿಗೆ ಕೊಟ್ರೆ ಇನ್ನೇನಾದದು?"

ಎರಡು ದಿನಕ್ಕೆ ಜೀಪು ಬಂತು. ಶ್ರೀಗೌರಿ ಡಬ್ಬ ಬಿಚ್ಚಿ ನೋಡಿದರು, ಸೋರುತ್ತದೆಯೇ ಎಂದು ಪರೀಕ್ಷೆ ಮಾಡಿದರು, ಲೋಟದ ಗೆರೆ ಉಜ್ಜಿ ನೋಡಿದರು. ಎಲ್ಲ ಸರಿ ಇತ್ತು. ಸುತ್ತಲಿನ ಐದು ಊರಿನ ಮಾಪಕಗಳಲ್ಲಿ ಅಂದು ಬಿದ್ದದ್ದು ಎರಡು, ಮೂರು, ನಾಲ್ಕು ಮಿಲಿಮೀಟರ್. ಇಲ್ಲಿ ಮಾತ್ರ ಎಪ್ಪತ್ತೆರಡು.

"ನಿಂಗಾಜಮ್ಮ, ನೀವು ಸುಳ್ಳು ಹೇಳಿದ್ರಿ ಅಂತ ನಾನು ಹೇಳ್ತಿಲ್ಲ. ಆದರೆ ಕಾರಣ ಸಿಗೋವರೆಗೆ ಈ ಡಬ್ಬದ ಅಂಕಿಯನ್ನು ಪಕ್ಕಕ್ಕೆ ಇಡಬೇಕಾಗುತ್ತೆ. ನೀವು ಅಳೆಯೋದು ನಿಲ್ಲಿಸಬೇಡಿ."

ನಿಂಗಾಜಮ್ಮ ಬೇಲಿಯ ಕಂಬ ಹಿಡಿದು ನಿಂತಳು, ಕಣ್ಣಲ್ಲಿ ನೀರು ತುಂಬಿತ್ತು.

ಶ್ರೀಗೌರಿ ಬಾಯಾರಿಕೆಗೆಂದು ಮುದ್ದಮ್ಮನ ಜಗಲಿಗೆ ಬಂದು ಕೂತರು. ಮುದ್ದಮ್ಮ ಮಜ್ಜಿಗೆ ಕೊಟ್ಟಳು. ಒಳಗೆ ಅಳುಕು, ಆದರೂ ಕೆಣಕದೆ ಇರಲಾಗಲಿಲ್ಲ.

"ಅಲ್ಲ ಕಣ್ರವ್ವ, ಇಲ್ಲಿ ಡಬ್ಬದಾಗೆ ಬಿದ್ದ ನೀರಿಗೂ ಮಡುಹಟ್ಟಿ ಅಳ್ಳಕ್ಕೂ ಏನ್ ಸಮ್ಮಂದ? ಮಳೆ ಬತ್ತದೆ, ಓಯ್ತದೆ. ಕಂಪೂಟ್ರಿಗೆ ಏನ್ ಗೊತ್ತಾಯ್ತದೆ?"

"ನೀವು ಅಂಗಳಕ್ಕೆ ನೀರು ಹಾಕ್ತೀರಲ್ಲ, ಒಣಗಿದ ನೆಲಕ್ಕೆ ಮೊದಲನೇ ಸಲ ಹಾಕಿದ ನೀರು ಏನಾಗುತ್ತೆ?"

"ನೆಲ ಕುಡ್ಕೊತದೆ."

"ಇನ್ನೂ ಹಾಕ್ತಾ ಹೋದರೆ?"

"ಕುಡಿದು ಸಾಕಾದ್ಮೇಲೆ ಅರೀತದೆ. ಇಳಿಜಾರು ಎತ್ಲಾಗೆ ಅದೋ ಅತ್ಲಾಗೆ."

"ಅಷ್ಟೇ ಕಣಮ್ಮ ನಮ್ಮ ವಿದ್ಯೆ. ಕೆರೆಗಳ ಕೆಳಗೆ, ಹಳ್ಳದ ಸೇತುವೆ ಕಂಬಕ್ಕೆ ಅಳತೆ ಪಟ್ಟಿ ಬರೆಸಿ ಹನ್ನೊಂದು ವರ್ಷ ಆಯ್ತು. ದಿನಾ ನೀರು ಎಷ್ಟಿತ್ತು ಅಂತ ಬರೆದಿಟ್ಟಿದ್ದಾರೆ. ಎಷ್ಟು ಮಳೆ ಬಿದ್ದರೆ, ನೆಲ ಎಷ್ಟು ನೆಂದಿದ್ದರೆ, ಕೆರೆ ತುಂಬಿದ್ದರೆ, ಎಷ್ಟು ಗಂಟೆ ಆದಮೇಲೆ ಸೇತುವೆ ಹತ್ತಿರ ಎಷ್ಟು ನೀರು ಬಂತು, ಇದನ್ನೆಲ್ಲ ಹೊಂದಿಸಿ ಒಂದು ಲೆಕ್ಕದ ಮಾದರಿ ಮಾಡಿದೀವಿ. ಅದರ ಜೊತೆಗೆ ಹೊಳೆಯಲ್ಲಿ ಮೇಲಿಂದ ಎಷ್ಟು ನೀರು ಬರ್ತಿದೆ ಅನ್ನೋದನ್ನೂ ಸೇರಿಸ್ತೀವಿ. ಕಂಪ್ಯೂಟರಿಗೆ ಕಣ್ಣಿಲ್ಲ. ನಿಮ್ಮೂರಿನಲ್ಲಿ ಅದರ ಕಣ್ಣು ಅಂದರೆ ನಿಂಗಾಜಮ್ಮ."

ಕಣ್ಣು ಎಂದರೆ ನಿಂಗಾಜಮ್ಮ! ಮುದ್ದಮ್ಮನಿಗೆ ಅಳುಕೆಲ್ಲ ಹೋಗಿ ಮತ್ತೆ ಹೊಟ್ಟೆಯೊಳಗೆ ಕಿಚ್ಚು ಹತ್ತಿತು.

"ಅಂಗಾದ್ರೆ ಮೊನ್ನೆ ಯಾಕೆ ಸುಳ್ಳಾಯ್ತು?"

"ಕೊಟ್ಟ ಅಂಕಿ ತಪ್ಪಾದರೆ ಬರೋ ಉತ್ತರವೂ ತಪ್ಪೇ. ಅಂಕಿ ಸರಿ ಇದ್ದರೂ ಒಂದು ಗಂಟೆ ಹಿಂದುಮುಂದು, ಒಂದಡಿ ಹೆಚ್ಚುಕಮ್ಮಿ ಆಗಬಹುದು. ಆದರೆ ಮೊನ್ನೆ ಆದದ್ದು ಅದಲ್ಲ, ಬೇರೇನೋ," ಎಂದು ಶ್ರೀಗೌರಿ ಲೋಟ ಕೆಳಗಿಟ್ಟು ಎದ್ದರು. ಮುದ್ದಮ್ಮ ಬೇರೆ ಕಡೆ ನೋಡಿದಳು.

ಆಮೇಲಿನ ದಿನಗಳಲ್ಲಿ ಕಣದ ಸುತ್ತ ಯಾರೂ ಸೇರುತ್ತಿರಲಿಲ್ಲ. ನಿಂಗಾಜಮ್ಮ ಒಬ್ಬಳೇ ಅಳೆದು, ಒಬ್ಬಳೇ ಬರೆದು, ಫೋನಿನಲ್ಲಿ ಮೆಲ್ಲಗೆ ಹೇಳಿ ಇಡುತ್ತಿದ್ದಳು. ಕಾಗದ ಪತ್ರ ಮತ್ತೆ ಮುದ್ದಮ್ಮನ ಜಗಲಿಗೆ ಬಂತು. ಬೇಕಾದ್ದೆಲ್ಲ ಆಯಿತು. ಆದರೂ ಬೆಳಿಗ್ಗೆ ಎಂಟೂವರೆಗೆ ಕಿಟಕಿಯತ್ತ ಹೋಗುವುದು ಅವಳಿಗೆ ತಪ್ಪಲಿಲ್ಲ. ಇಷ್ಟಾದರೂ ಈ ಹೆಂಗಸು ಒಂದು ದಿನ ತಪ್ಪಿಸುವುದಿಲ್ಲವಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯುತ್ತಿತ್ತು.

ಆಗಸ್ಟ್ ಬಂತು. ಕೊಡಗಿನ ಕಡೆ ಮಳೆ ಹಿಡಿದು ಕಾವೇರಿ ತುಂಬಿ ಹರಿಯುತ್ತಿತ್ತು. ಕಾರೇಕೊಪ್ಪಲಿನಲ್ಲಿ ಹೇಳಿಕೊಳ್ಳುವ ಮಳೆ ಇರಲಿಲ್ಲ, ಕೆರೆಯ ನೀರೂ ಇಳಿದಿತ್ತು. ಒಂದು ದಿನ ಬೆಳಗಿನ ಜಾವಕ್ಕೆ ಶುರುವಾಯಿತು ನೋಡಿ. ಹನಿಯಲ್ಲ, ಹಗ್ಗ ಇಳಿಬಿಟ್ಟ ಹಾಗೆ. ಬೆಳಕಾದರೂ ಎದುರು ಮನೆ ಕಾಣಲಿಲ್ಲ. ಎಂಟು ಗಂಟೆಗೆ ಕೊಂಚ ಬಿಡುವು ಕೊಟ್ಟಾಗ ಬೈರಯ್ಯ ಹೊಲ ನೋಡಿ ಬಂದ.

"ಸಾಲು ಯಾವ್ದು ಬದ ಯಾವ್ದು ಗೊತ್ತಾಯ್ತಿಲ್ಲ ಕಣಮ್ಮಿ. ಗೆಡ್ಡೆ ಎಲ್ಲ ನೀರಲ್ಲೇ."

ಊರೆಲ್ಲ ಬೀದಿಗೆ ಬಂದಿತ್ತು. ಎಷ್ಟೋ ದಿನದ ಮೇಲೆ ಮತ್ತೆ ನಿಂಗಾಜಮ್ಮನ ಕಣದಲ್ಲಿ ಜನ ಸೇರಿದರು. ಮುದ್ದಮ್ಮನೂ ಹೋದಳು. ಬಾಟಲಿ ತುಂಬಿ ಹೊರಡಬ್ಬದಲ್ಲೂ ನೀರು ನಿಂತಿತ್ತು. ನಿಂಗಾಜಮ್ಮ ಲೋಟಕ್ಕೆ ಮತ್ತೆ ಮತ್ತೆ ಸುರಿದು, ಪ್ರತಿಸಲವೂ ಬರೆದುಕೊಂಡು, ಕೊನೆಗೆ ಕೂಡಿದಳು. ನೂರ ಎಂಬತ್ತಾರು.

ಫೋನು ಹಚ್ಚಿದಳು. ಬಾಗಿಲಲ್ಲಿ ನಿಂತವರಿಗೆ ಅವಳ ಮಾತು ಮಾತ್ರ ಕೇಳುತ್ತಿತ್ತು.

"ನೂರ ಎಂಬತ್ತಾರು ಕಣವ್ವ... ಊಂ, ನೂರ ಎಂಬತ್ತಾರು... ಇಲ್ಲ ಕಣವ್ವ, ಇದು ನಿಜ. ಎಲ್ರೂ ಇಲ್ಲೇ ಅವ್ರೆ, ಕೇಳಿ... ಸೇತ್ವೆ ತಾವ ನೀರು ಬಂದಿಲ್ವಾ? ನಂಗೊತ್ತಿಲ್ಲ ಕಣವ್ವ, ನಮ್ಮ ಡಬ್ಬದಾಗೆ ಇದ್ದುದ್ದ ಏಳ್ತಿವ್ನಿ..."

ಫೋನಿನ ಬಾಯಿ ಮುಚ್ಚಿಕೊಂಡು ಹಿಂದಕ್ಕೆ ತಿರುಗಿದಳು. "ಬೇರೆ ಊರಲ್ಲೆಲ್ಲ ಇಪ್ಪತ್ತು ಇಪ್ಪತ್ತೈದೇ ಅಂತೆ. ಸೇತ್ವೆ ತಾವ ನೀರು ಮಾಮೂಲಿ ಅಂತೆ. ನಮ್ಮ ಡಬ್ಬದ ಮ್ಯಾಲೆ ಅನುಮಾನ ಅದೆ, ಈ ಅಂಕಿ ಎಂಗ್ ಸೇರ್ಸ್ಲಿ ಅಂತಾರೆ. ನಾನೇನ್ ಮಾಡ್ಲಿ?"

ಮುದ್ದಮ್ಮನಿಗೆ ಶ್ರೀಗೌರಿ ಹೇಳಿದ ಅಂಗಳದ ನೀರಿನ ಮಾತು ನೆನಪಾಯಿತು. ಮೇಲಿನ ಕೆರೆ ತುಂಬಿ ಕೋಡಿ ಬೀಳುವವರೆಗೆ ಸೇತುವೆಗೆ ನೀರು ಬರುವುದಿಲ್ಲ. ಬಿದ್ದಮೇಲೆ ಎಲ್ಲ ಒಟ್ಟಿಗೇ ಬರುತ್ತದೆ. ಮಡುಹಟ್ಟಿಯಲ್ಲಿ ಹೊಳೆ ಮೊದಲೇ ತುಂಬಿದೆ, ಹಳ್ಳವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಳ್ಳದ ಮಗ್ಗುಲಿಗೆ ಕೆಳಗಿನ ಸಾಲಿನಲ್ಲಿ ಅಣ್ಣನ ಮನೆ. ಮನೆಯೊಳಗೆ ನಡೆಯಲಾಗದ ಅವ್ವ, ಮಂಚದ ಮೇಲೆ.

ಆಗಲೂ, ದೇವರಾಣೆ, ಆಗಲೂ ಮುದ್ದಮ್ಮನ ಮನಸ್ಸಿಗೆ ಬಂದದ್ದು ನಿಂಗಾಜಮ್ಮನೇ. ಈಗ ಬಾಯಿಬಿಟ್ಟರೆ ಇವಳು ಊರಿಗೆಲ್ಲ ಸತ್ಯವಂತೆ, ನಾನು ಕಳ್ಳಿ. ಇದುವರೆಗೆ ಇದ್ದುದಕ್ಕಿಂತ ಎರಡು ಗೇಣು ಮೇಲೇರುತ್ತಾಳೆ. ಹೇಳದೆ ಇದ್ದರೆ? ಅವ್ವನ ಮಂಚ ಕಣ್ಣಿಗೆ ಕಟ್ಟಿತು.

ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿ ಫೋನು ಕಸಿದುಕೊಂಡಳು.

"ಅವ್ವಾ, ನಾನು ಮುದ್ದಮ್ಮ. ಅವತ್ತು ಡಬ್ಬಕ್ಕೆ ನೀರು ಉಯ್ದೋಳು ನಾನು. ನಿಂಗಾಜಮ್ಮಂದು ಏನೂ ತಪ್ಪಿಲ್ಲ. ಡಬ್ಬದ್ದೂ ತಪ್ಪಿಲ್ಲ."

ಆ ಕಡೆಯಿಂದ ಶ್ರೀಗೌರಿ ಕೇಳಿದ್ದು ಯಾಕೆ ಎಂದಲ್ಲ.

"ಎಷ್ಟು ನೀರು ಹಾಕಿದ್ರಿ?"

"ಒಂದು ಚೊಂಬು."

"ಎಷ್ಟು ಹಿಡಿಯೋ ಚೊಂಬು?"

"ಲೀಟ್ರಿಗೆ ಒಸಿ ಕಮ್ಮಿ."

ಕಾಗದದ ಮೇಲೆ ಪೆನ್ನು ಓಡಿದ ಸದ್ದು. "ಎಪ್ಪತ್ತರ ಹತ್ತಿರ ಬರುತ್ತೆ. ಲೆಕ್ಕ ಕೂಡಿತು. ಹಾಗಾದರೆ ಇವತ್ತಿನ ಅಂಕಿ ನಿಜ." ಕೂಡಲೇ ಮುಂದಿನ ಮಾತು. "ಮೇಲಿನ ಕೆರೆ ಕೋಡಿ ಬಿದ್ದಿದೆಯಾ ನೋಡಿ ಬರೋಕೆ ಯಾರನ್ನಾದರೂ ಕಳಿಸಿ. ಫೋನ್ ಹತ್ತಿರವೇ ಇರಿ."

ಬೈರಯ್ಯನೇ ಸೈಕಲ್ಲಿನಲ್ಲಿ ಓಡಿದ. ಹೆಂಡತಿಯ ಮುಖ ನೋಡಲಿಲ್ಲ. ಅರ್ಧ ಗಂಟೆಗೆ ಹಿಂದಿರುಗಿ, ಕೋಡಿ ಈಗ ತಾನೆ ಬಿತ್ತು, ಏರಿಯ ಮೇಲೆ ನಿಲ್ಲಲಾಗುವುದಿಲ್ಲ ಎಂದ. ಅದನ್ನೂ ಹೇಳಿದರು. ಒಂಬತ್ತೂಮುಕ್ಕಾಲಿಗೆ ಶ್ರೀಗೌರಿಯ ಫೋನು ಬಂತು: "ಎರಡು ಗಂಟೆ ಹೊತ್ತಿಗೆ ಮಡುಹಟ್ಟಿ ಕೆಳಗಿನ ಸಾಲಿಗೆ ಸೊಂಟದಷ್ಟು ನೀರು ಬರುತ್ತೆ ಅಂತ ಲೆಕ್ಕ ಹೇಳ್ತಿದೆ. ತಾಲ್ಲೂಕು ಕಚೇರಿಗೆ ತಿಳಿಸಿದೀನಿ, ಜೀಪು ಹೊರಟಿದೆ. ಆದರೆ ಅಲ್ಲಿಯವರು ಈ ಸಲ ನಂಬಲ್ಲ ಅಂತಾರೆ."

ಮಡುಹಟ್ಟಿಯ ಅಂಗಡಿಯಲ್ಲೊಂದು ಕಾಯಿನ್ ಫೋನಿತ್ತು. ಮುದ್ದಮ್ಮ ಅದಕ್ಕೆ ಹಚ್ಚಿ ಅಣ್ಣನನ್ನು ಕರೆಸಿದಳು.

"ಮತ್ತೆ ಅದೇ ಹೆಂಗಸಾ?" ದೇವಯ್ಯ ನಕ್ಕ. "ಇಲ್ಲಿ ತುಂತುರು ಅಷ್ಟೇ ಕಣಮ್ಮಿ. ಒಳೆ ಇನ್ನೂ ಮೆಟ್ಲ ಕೆಳಗೇ ಅದೆ. ನಾನು ಈಗ್ತಾನೆ ನೋಡ್ಕಂಡು ಬಂದೆ."

"ಒಳೆ ನೋಡ್ಬ್ಯಾಡ ಅಣ್ಣ. ಬರೋದು ಅಳ್ಳದಿಂದ."

"ಅವತ್ತೂ ಇಂಗೇ ಅಂದ್ರು."

"ಅವತ್ತಿನ ಸುಳ್ಳು ನಂದು ಕಣಣ್ಣ! ಅವ್ಳ ಮ್ಯಾಲಿನ ಒಟ್ಟೆಕಿಚ್ಚಿಗೆ ನಾನೇ ಡಬ್ಬಕ್ಕೆ ನೀರು ಉಯ್ದೆ. ನಿನ್ನ ಸ್ವಂಟ ಮುರಿಸಿದೋಳು ನಾನು. ಬೇಕಾದ್ರೆ ನಾಳೆ ಬಂದು ಒಡಿ. ಈಗ ಅವ್ವನ್ನ ಎತ್ಕಂಡು ದಿಬ್ಬ ಅತ್ತು."

ದೇವಯ್ಯ ತಂಗಿಯನ್ನು ಹುಟ್ಟಿದಾಗಿನಿಂದ ಬಲ್ಲ. ತಪ್ಪು ಒಪ್ಪಿಕೊಳ್ಳುವ ಹೆಂಗಸಲ್ಲ ಅವಳು, ಚಿಕ್ಕವಳಾಗಿದ್ದಾಗಲೂ ಒಪ್ಪಿಕೊಂಡದ್ದಿಲ್ಲ. ಅವನ ನಗು ನಿಂತಿತು.

"ಎಷ್ಟೊತ್ತಿಗೆ ಅಂದೆ?"

"ಎಲ್ಡು ಗಂಟೆ."

ಅವನು ಫೋನು ಇಟ್ಟವನೇ ಬೀದಿ ಬೀದಿ ಕೂಗಿದ. ಜೀಪು ಬರುವಷ್ಟರಲ್ಲಿ ಅರ್ಧ ಊರು ದಿಬ್ಬದ ಶಾಲೆ ಸೇರಿತ್ತು. ಅವ್ವನನ್ನು ಮಂಚ ಸಮೇತ ನಾಲ್ವರು ಹೊತ್ತರು. ಲಕ್ಕಯ್ಯ ಅನ್ನುವವನೊಬ್ಬ ಮಾತ್ರ, ಒಂದು ಸಲ ಕೆಟ್ಟೆ ಇನ್ನೊಂದು ಸಲ ಕೆಡುವುದಿಲ್ಲ ಎಂದು ಜಗಲಿಯಲ್ಲೇ ಕೂತ.

ಎರಡು ಗಂಟೆಯಾಯಿತು. ನೀರು ಬರಲಿಲ್ಲ. ಎರಡೂಕಾಲು ಆಯಿತು. ಲಕ್ಕಯ್ಯ ಕೆಳಗಿನಿಂದ ಕೂಗಿ ಹಾಸ್ಯ ಮಾಡಿದ. ಎರಡೂಮುಕ್ಕಾಲಿಗೆ ಹಳ್ಳದ ತಿರುವಿನಲ್ಲಿ ಕೆಂಪು ನೀರು ಕಾಣಿಸಿಕೊಂಡಿತು, ಬೇಲಿ, ಮುಳ್ಳು, ಒಂದು ಇಡೀ ಬಾಳೆಗಿಡದ ಸಾಲು ಹೊತ್ತುಕೊಂಡು. ತುಂಬಿದ ಹೊಳೆಗೆ ಡಿಕ್ಕಿ ಹೊಡೆದು ಹಿಂದಕ್ಕೆ ನಿಂತಿತು, ಅಗಲವಾಯಿತು, ಕೆಳಗಿನ ಸಾಲಿನ ಹದಿನಾರು ಮನೆಯ ಕಿಟಕಿ ಮುಟ್ಟಿತು. ಲಕ್ಕಯ್ಯ ಹುಣಸೆಮರ ಹತ್ತಿದ್ದ. ಹಗ್ಗ ಎಸೆದು ಎಳೆದುಕೊಂಡರು. ಮೂರು ಗೋಡೆ ಬಿದ್ದವು, ಅವನ ಎರಡು ಮೇಕೆ ಹೋದವು. ಜನ ಒಬ್ಬರೂ ಹೋಗಲಿಲ್ಲ.

ಸಂಜೆ ದೇವಯ್ಯ ಫೋನು ಮಾಡಿದಾಗ ತೆಗೆದವಳು ನಿಂಗಾಜಮ್ಮ. "ನಿಮ್ಮವ್ವ ಸಂದಾಗವ್ಳಂತೆ," ಎಂದು ಬೇಲಿಯಾಚೆಯಿಂದಲೇ ಹೇಳಿ ಒಳಗೆ ಹೋದಳು. ಆಮೇಲೆ ಎರಡು ತಿಂಗಳು ಮಾತಾಡಲಿಲ್ಲ. ಸಂಘದಲ್ಲಿ ಮುದ್ದಮ್ಮ ಎಲ್ಲರೆದುರು ಕೈಮುಗಿದಳು, ಪುಸ್ತಕ ಬರೆಯುವ ಕೆಲಸ ಬಿಟ್ಟಳು. ಬೈರಯ್ಯ ಹಲಸಿನ ಮರದ ಕೆಳಗೆ ಕೂತು, "ಕೇಳಿದ್ರೆ ನಾನೇ ಕಡ್ದಾಕ್ತಿದ್ದೆ ಈ ಮರವ," ಎಂದು ಒಂದು ದಿನ ಅಂದ, ಅಷ್ಟೇ.

ದಸರಾ ಕಳೆದ ಮೇಲೆ ನಿಂಗಾಜಮ್ಮ ಒಂದು ಬೆಳಗ್ಗೆ ಬಾಗಿಲಿಗೆ ಬಂದಳು.

"ಚನ್ನರಾಯಪಟ್ಟಣದಾಗೆ ನನ್ನ ತಂಗಿ ಬಾಣಂತನ. ಐದು ದಿನ ಓಯ್ತೀನಿ. ಡಬ್ಬ ಯಾರು ನೋಡ್ತಾರೆ?"

ಮುದ್ದಮ್ಮ ತಲೆ ಎತ್ತಲಿಲ್ಲ. "ನನ್ನ ನಂಬ್ತೀಯಾ?"

"ನಂಬಕಿಲ್ಲ," ಎಂದಳು ನಿಂಗಾಜಮ್ಮ. "ಆದ್ರೆ ಪಾಯಿಂಟು ಸಂದಾಗಿ ಓದೋಳು ಈ ಊರಾಗೆ ಇನ್ಯಾರವ್ರೆ?" ಗೇಟಿನ ಬೀಗದ ಕೈಯನ್ನು ಜಗಲಿಯ ಮೇಲಿಟ್ಟು ಹೋದಳು.

ಐದು ದಿನ ಮುದ್ದಮ್ಮ ಅಳೆದಳು. ಮೊದಲ ದಿನ ಒಂದೂ ಹನಿ ಇರಲಿಲ್ಲ. ಸೊನ್ನೆ ಎಂದು ಬರೆದು ಫೋನು ಮಾಡಿದಳು. ಸೊನ್ನೆಯನ್ನೂ ಹೇಳಬೇಕು, ಅದೂ ಒಂದು ಅಂಕಿ ಎಂದು ಶ್ರೀಗೌರಿ ಹೇಳಿದರು. ಹೊಟ್ಟೆಕಿಚ್ಚು ಪೂರ್ತಿ ಹೋಯಿತೇ ಎಂದು ಕೇಳಿದರೆ, ಇಲ್ಲ. ನಿಂಗಾಜಮ್ಮ ಹಿಂದಿರುಗಿ ಬೀಗದ ಕೈ ಇಸಿದುಕೊಂಡಾಗ ಮುದ್ದಮ್ಮನಿಗೆ ಚುರ್ ಅಂದದ್ದು ನಿಜ. ಆದರೆ ಆ ಬೀಗದ ಕೈಯನ್ನು ಅವಳೇ ತೊಳೆದು, ಒರೆಸಿ, ಕೊಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮ್ಮೂರಿನಲ್ಲೂ ಒಂದು ಮಳೆ ಡಬ್ಬ ಇರಬಹುದು, ಸೇತುವೆಯ ಕಂಬಕ್ಕೆ ಬಣ್ಣದ ಗೆರೆ ಇರಬಹುದು. ಅದಕ್ಕೆ ದನ ಕಟ್ಟಬೇಡಿ, ಬಟ್ಟೆ ಹರವಬೇಡಿ, ನೀರು ಸುರಿಯಬೇಡಿ. ಅದನ್ನು ನೋಡಿಕೊಳ್ಳುವವರು ಯಾರೇ ಆಗಿರಲಿ, ಅವರ ಕೆಲಸ ನಿಮ್ಮ ಕಣ್ಣಿಗೆ ಕಾಣದ ಯಾವುದೋ ಕೆಳಗಿನೂರಿನ ಮನೆ ಕಾಯುತ್ತಿರುತ್ತದೆ. ನೀವೇ ಹೊಳೆಯಂಚಿನವರಾದರೆ, ಎಚ್ಚರಿಕೆ ಬಂದಾಗ ನಿಮ್ಮ ತಲೆಯ ಮೇಲಿನ ಆಕಾಶ ನೋಡಿ ತೀರ್ಮಾನ ಮಾಡಬೇಡಿ. ಮಳೆ ಬಿದ್ದಿರುವುದು ಬೇರೆಲ್ಲೋ. ಮುನ್ಸೂಚನೆ ಒಂದು ಸಲ ತಪ್ಪಬಹುದು, ಗಂಟೆ ಹೆಚ್ಚುಕಮ್ಮಿ ಆಗಬಹುದು. ಆಗ ದಿಬ್ಬ ಹತ್ತಿ ಇಳಿದದ್ದಕ್ಕೆ ಕಾಲು ನೋಯುತ್ತದೆ, ಅಷ್ಟೇ. ಮುದುಕರನ್ನು, ಮಕ್ಕಳನ್ನು, ದನಕರುವನ್ನು ಮೊದಲು ಮೇಲೆ ಸಾಗಿಸಿ. ಪಕ್ಕದ ಮನೆಯವರಿಗೂ ಕೂಗಿ ಹೇಳಿ, ಅವರ ಮೇಲೆ ನಿಮಗೆ ಎಷ್ಟೇ ಸಿಟ್ಟಿರಲಿ.